ಮದ್ದಳೆಗೆ ಮಾತ್ರ ನಡುಗುವ ಬಾಕ್ಸು

‘ಸ್ಪೀಕರ್ ಗರಗರ ಅಂತಿದೆ, ಸ್ವಲ್ಪ ಬಂದು ನೋಡ್ತೀರಾ ಅಣ್ಣ’ ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ‘ಯಾವ ಹೊತ್ತಿಗೆ?’ ಎಂದು. ಭಾಗವತರು ಪದ ಎತ್ತಿದಾಗಲೋ, ಮದ್ದಳೆಗೆ ಪೆಟ್ಟು ಬಿದ್ದಾಗಲೋ, ಚೆಂಡೆ ಏರಿದಾಗಲೋ, ಅಥವಾ ಮೈಕಿನ ಮುಂದೆ ಯಾರೂ ಇಲ್ಲದಾಗಲೂ ಇದೆಯೋ? ಹೆಚ್ಚಿನವರು ಅದನ್ನು ಗಮನಿಸಿರುವುದಿಲ್ಲ. ಇನ್ನೊಮ್ಮೆ ಹಾಕಿ ಕೇಳಿ ಹೇಳಿ ಎನ್ನುತ್ತೇನೆ. ಸ್ಕ್ರೂಡ್ರೈವರ್ ಕೈಗೆ ಬರುವ ಮೊದಲೇ ಅರ್ಧ ಕೆಲಸ ಅಲ್ಲಿ ಮುಗಿದಿರುತ್ತದೆ.

ನಾನು ಉಡುಪಿ ಕಡೆಯವನು, ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಸಂಸಾರ. ಹೊಟ್ಟೆಪಾಡಿನ ಕೆಲಸ ಥಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ಪಟ್ಟಿಯಲ್ಲಿ, ಯಂತ್ರಗಳ ನಿರ್ವಹಣೆ. ಪಂಪು, ಮೋಟರು, ಬೇರಿಂಗು ಇವುಗಳ ಸದ್ದು ಕೇಳಿಕೊಂಡೇ ಬದುಕಿದವನು. ಭಾನುವಾರ ಬಂತೆಂದರೆ ಭಜನೆ, ತಾಳಮದ್ದಳೆ, ಯಕ್ಷಗಾನ. ಥಾಣೆಯಿಂದ ಕಲ್ಯಾಣದವರೆಗೆ, ಆಚೆ ಘನ್ಸೋಲಿ, ವಾಶಿ, ನೆರೂಲ್‌ವರೆಗೆ ನಮ್ಮ ಊರವರ ಸಂಘ, ಮಂಡಳಿ, ದೇವಸ್ಥಾನಗಳು ಸಾಕಷ್ಟಿವೆ. ಥಾಣೆಯ ಗಡಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ, ಇಂಥ ಕಡೆ ಆಟವಾದರೆ ಧ್ವನಿಯ ಚಿಂತೆ ನಮ್ಮದಲ್ಲ. ಚಿಂತೆ ಇರುವುದು ದೇವಸ್ಥಾನದ ಸಣ್ಣ ಸಭಾಗೃಹ, ಸೊಸೈಟಿಯ ತಾರಸಿ, ಶಾಲೆಯ ಹಾಲ್‌ಗಳಲ್ಲಿ. ಅಲ್ಲಿ ಮಂಡಳಿಯವರು ಚಂದಾ ಎತ್ತಿ ಕೊಂಡ ಎರಡು ಬಾಕ್ಸು, ಒಂದು ಮಿಕ್ಸರ್, ಒಂದು ಆಂಪ್ಲಿಫೈಯರ್. ಅದು ಕೆಟ್ಟರೆ ಹೊಸದಕ್ಕೆ ಮತ್ತೆ ಚಂದಾ ಎತ್ತಬೇಕು. ಹಾಗಾಗಿ ಕೆಟ್ಟದ್ದೇನೆಂದು ಸರಿಯಾಗಿ ಕಂಡುಹಿಡಿಯುವುದು ನಮ್ಮಲ್ಲಿ ಹಣದ ಪ್ರಶ್ನೆಯೂ ಹೌದು.

ನನಗೆ ಅತಿ ಹೆಚ್ಚು ಕಲಿಸಿದ್ದು ನಮ್ಮದೇ ಮಂಡಳಿಯ ಹದಿನೈದು ಇಂಚಿನ ಒಂದು ಬಾಕ್ಸು. ಭಾಗವತರ ಪದಕ್ಕೆ ಸ್ವಚ್ಛ. ಅರ್ಥ ಹೇಳುವವರ ಮಾತಿಗೂ ಸ್ವಚ್ಛ. ಮದ್ದಳೆಯ ಎಡಬದಿಯ ದಪ್ಪ ನಾದ ಬಂದ ಕೂಡಲೇ ಒಳಗೆ ಯಾರೋ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ ಝರ್ ಎನ್ನುತ್ತಿತ್ತು. ‘ಕೋನ್ ಹೋಗಿದೆ, ಬದಲಿಸಿ’ ಎಂದು ಬಾಡಿಗೆ ಮೈಕಿನವರೊಬ್ಬರು ತೀರ್ಪು ಕೊಟ್ಟೇ ಬಿಟ್ಟಿದ್ದರು.

ಯಾಕೆ ಮದ್ದಳೆಗೆ ಮಾತ್ರ? ಭಾಗವತರು ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದರೆ ಆಧಾರ ಷಡ್ಜವೇ ಸುಮಾರು 155 ಹರ್ಟ್ಸ್. ಅವರ ಕಂಠ ಓಡಾಡುವುದು ಬಹುಪಾಲು ಅದಕ್ಕಿಂತ ಮೇಲೆ. ಮದ್ದಳೆಯ ಎಡಬದಿ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಸ್ವರ ಒಂದು ಸಪ್ತಕ ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಹೋಗಬೇಕು. ಕೋನ್ ಅಷ್ಟು ಓಡಾಡುವಾಗ ಪೆಟ್ಟಿಗೆಯ ಪ್ರತಿ ಹಲಗೆ, ಪ್ರತಿ ಸ್ಕ್ರೂ ಅಲುಗುತ್ತದೆ. ಆದ್ದರಿಂದ ಕೆಳಸ್ವರಕ್ಕೆ ಮಾತ್ರ ಬರುವ ಸದ್ದು ಕೋನಿನದೇ ಆಗಬೇಕೆಂದಿಲ್ಲ. ಪೆಟ್ಟಿಗೆಗೆ ಅಂಟಿಕೊಂಡ ಯಾವುದೂ ಆಗಬಹುದು. ಪೆಟ್ಟಿಗೆಯ ಹೊರಗಿನದೂ ಆಗಬಹುದು.

ಹೊರಗಿನದ್ದನ್ನು ಮೊದಲು ಕಳೆಯಬೇಕು. ಸಭಾಗೃಹದಲ್ಲಿ ಏನೇನು ನಡುಗುತ್ತದೆ ಎಂದು ಪಟ್ಟಿ ಮಾಡಿದರೆ ಆಶ್ಚರ್ಯವಾಗುತ್ತದೆ: ಅಲ್ಯೂಮಿನಿಯಂ ಚೌಕಟ್ಟಿನ ಜಾರುವ ಕಿಟಕಿಗಳು, ಟ್ಯೂಬ್‌ಲೈಟಿನ ತಗಡು, ಫ್ಯಾನಿನ ಬಟ್ಟಲು, ಪ್ರಸಾದದ ಸ್ಟೀಲ್ ತಟ್ಟೆಗಳ ರಾಶಿ, ಗೋದ್ರೆಜ್ ಕಪಾಟಿನ ಬಾಗಿಲು. ಕಿವಿ ಇಂಥಲ್ಲಿ ಸುಲಭವಾಗಿ ದಾರಿ ತಪ್ಪುತ್ತದೆ, ಏಕೆಂದರೆ ಸದ್ದು ಹುಟ್ಟುವುದು ಕಿಟಕಿಯಲ್ಲಾದರೂ ಅದು ಸ್ಪೀಕರಿನ ಜತೆಜತೆಗೇ ಬರುತ್ತದೆ. ಥಾಣೆಯ ಒಂದು ಸೊಸೈಟಿ ಹಾಲಿನಲ್ಲಿ ಎಲ್ಲರೂ ಸ್ಪೀಕರನ್ನು ಬೈಯುತ್ತಿದ್ದಾಗ, ನಾನು ಹಾಲಿನ ಹಿಂದೆ ನಿಂತಿದ್ದ ಹುಡುಗನಿಗೆ ಕಿಟಕಿಯ ಗಾಜನ್ನು ಅಂಗೈಯಿಂದ ಒತ್ತಿ ಹಿಡಿಯಲು ಹೇಳಿದೆ. ಸದ್ದು ನಿಂತಿತು. ಗಾಜಿನ ಸಂದಿಗೆ ಮಡಚಿದ ಕಾಗದ ಸಿಕ್ಕಿಸಿದ್ದೇ ರಿಪೇರಿ.

ನಮ್ಮ ಬಾಕ್ಸಿಗೆ ಹಿಂದಿರುಗುತ್ತೇನೆ. ಬಲಗಡೆಯ ಬಾಕ್ಸನ್ನು ಎಡಗಡೆಗೆ, ಎಡದ್ದನ್ನು ಬಲಕ್ಕೆ ಇಟ್ಟೆವು. ಸದ್ದು ಬಾಕ್ಸಿನ ಜತೆಗೇ ಎಡಕ್ಕೆ ಹೋಯಿತು. ಅಂದರೆ ಕೋಣೆಯದಲ್ಲ. ಜಾಗ ಹಾಗೇ ಬಿಟ್ಟು ಕೇಬಲ್ ಮಾತ್ರ ಅದಲುಬದಲು ಮಾಡಿದೆವು. ಆಗಲೂ ಸದ್ದು ಅದೇ ಬಾಕ್ಸಿನಲ್ಲಿ. ಅಂದರೆ ಆಂಪ್ಲಿಫೈಯರಿನದೂ ಅಲ್ಲ, ತಂತಿಯದೂ ಅಲ್ಲ. ಈ ಎರಡು ಬದಲಾವಣೆಗೆ ಹತ್ತು ನಿಮಿಷ ಸಾಕು, ಉಪಕರಣ ಏನೂ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅಷ್ಟೇ. ಜಾಗ, ತಂತಿ, ವಾಲ್ಯೂಮ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಹೋದರೂ ಯಾಕೆ ಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಆಟದ ದಿನ ಅದು ಮತ್ತೆ ಬಂದು ಕೂರುತ್ತದೆ.

ಆಮೇಲೆ ಶುದ್ಧ ಸ್ವರ. ಫೋನಿನಲ್ಲಿ ಟೋನ್ ಹೊರಡಿಸುವ ಆ್ಯಪ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ಹಾಡು ಹಾಕಿ ಕೇಳಿದರೆ ನಡುಕ ಬಂದು ಹೋಗುತ್ತದೆ, ಕಿವಿಗೆ ಹಿಡಿಯಲು ಸಿಗುವುದಿಲ್ಲ. ಒಂದೇ ಸ್ವರವನ್ನು ನಿಲ್ಲಿಸಿ ಹಿಡಿದರೆ ನಡುಕವೂ ನಿಂತುಕೊಳ್ಳುತ್ತದೆ. ವಾಲ್ಯೂಮ್ ಸಣ್ಣದಿಟ್ಟು 200 ಹರ್ಟ್ಸ್‌ನಿಂದ ನಿಧಾನ ಕೆಳಗಿಳಿಯುತ್ತ ಬಂದೆ. ನೂರರ ಸ್ವಲ್ಪ ಕೆಳಗೆ ಝರ್ ಎನ್ನುವುದು ಎದ್ದು ಬಂತು, ಇನ್ನೂ ಇಳಿಸಿದರೆ ಮಾಯ. ಒಂದು ಸ್ವರದಲ್ಲಿ ಮಾತ್ರ ಹೀಗೆ ಜೋರಾಗುವುದು ಸಡಿಲವಾದ ಭಾಗದ ಲಕ್ಷಣ. ಪ್ರತಿ ಬಿಡಿಭಾಗಕ್ಕೂ ತನ್ನದೇ ಸಹಜ ಕಂಪನವಿರುತ್ತದೆ, ಅದಕ್ಕೆ ತಾಗುವ ಸ್ವರ ಬಂದಾಗ ಅದು ಕುಣಿಯುತ್ತದೆ. ಕಾರ್ಖಾನೆಯಲ್ಲಿ ಪಂಪಿನ ಪೈಪು ಒಂದು ವೇಗದಲ್ಲಿ ಮಾತ್ರ ನಡುಗುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಕೋನಿನ ಹಿಂದಿನ ತಂತಿಯ ಕಾಯಿಲ್ ಮ್ಯಾಗ್ನೆಟ್ಟಿನ ಅಂಚಿಗೆ ಉಜ್ಜುತ್ತಿದ್ದರೆ ಹೀಗಾಗುವುದಿಲ್ಲ. ಅದು ಹೆಚ್ಚುಕಡಿಮೆ ಎಲ್ಲ ಕೆಳಸ್ವರಗಳಲ್ಲೂ ಖರಖರ ಎನ್ನುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ಪ್ರಯೋಗವನ್ನು ಜೋರಾಗಿ ಮಾಡಬಾರದು. 40 ಹರ್ಟ್ಸ್‌ಗಿಂತ ಕೆಳಗೆ ಇಂಥ ಬಾಕ್ಸುಗಳಲ್ಲಿ ಕೋನಿಗೆ ಹಿಡಿತವೇ ಇರುವುದಿಲ್ಲ, ಒಳ್ಳೆಯ ಕಾಯಿಲ್ ಕೂಡ ಹಾಳಾದೀತು. ಮೇಲಿನ ಸ್ವರಗಳಲ್ಲಿ ನಿರಂತರ ಟೋನ್ ಕೊಟ್ಟರೆ ಟ್ವೀಟರ್ ಸುಡುತ್ತದೆ.

ಸ್ವರ ನಿಲ್ಲಿಸಿಟ್ಟು ಪೆಟ್ಟಿಗೆಯ ಮೇಲೆ ಕೈಯಾಡಿಸಿದೆ. ಮೊದಲು ಮುಂದಿನ ಜಾಲರಿ, ನಂತರ ಎರಡೂ ಬದಿಯ ಹಿಡಿಕೆ, ಕೆಳಗಿನ ಸ್ಟ್ಯಾಂಡಿನ ಕಪ್, ಹಿಂದಿನ ಕನೆಕ್ಟರ್ ತಟ್ಟೆ. ಜಾಲರಿಯನ್ನು ಒತ್ತಿದರೆ ಸದ್ದು ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಜಾಲರಿಯ ಹಿಂದಿನ ಫೋಮ್ ಪಟ್ಟಿ ಪುಡಿಪುಡಿಯಾಗಿತ್ತು, ಬದಲಿಸಿದೆವು. ನಂತರ ಸ್ಪೀಕರಿನ ಬೋಲ್ಟುಗಳು. ಎರಡು ಸಡಿಲ. ಮಳೆಗಾಲದ ತೇವಕ್ಕೆ ಹಲಗೆ ಉಬ್ಬಿ, ಬೇಸಗೆಗೆ ಕುಗ್ಗಿ, ಸ್ಕ್ರೂ ಹಿಡಿತ ಕಳೆದುಕೊಳ್ಳುವುದು ಈ ಕಡಲ ಪಟ್ಟಿಯಲ್ಲಿ ಮಾಮೂಲು. ಬರಿಯ ಮರದ ಸ್ಕ್ರೂ ಆಗಿದ್ದರೆ ತೂತಿಗೆ ಫೆವಿಕಾಲ್ ಹಚ್ಚಿದ ಬೆಂಕಿಕಡ್ಡಿ ತುಂಬಿ ಒಣಗಿಸಿ ಮತ್ತೆ ಬಿಗಿಯಬಹುದು. ಬಿಗಿಯುವುದಕ್ಕೂ ಕ್ರಮವಿದೆ. ಒಂದನ್ನು ಬಿಗಿದ ಮೇಲೆ ಅದರ ಎದುರಿನದ್ದು, ಸ್ವಲ್ಪ ಸ್ವಲ್ಪವೇ, ಸುತ್ತು ಬರುತ್ತ. ಒಂದೇ ಕಡೆ ಶಕ್ತಿ ಹಾಕಿ ತಿರುಗಿಸಿದರೆ ಸ್ಪೀಕರಿನ ಚೌಕಟ್ಟೇ ಕೂದಲೆಳೆಯಷ್ಟು ಸೊಟ್ಟಗಾಗಿ, ಇಲ್ಲದಿದ್ದ ಕಾಯಿಲ್ ಉಜ್ಜುವಿಕೆ ಶುರುವಾಗುತ್ತದೆ.

ಇಷ್ಟೆಲ್ಲ ಆದಮೇಲೂ ಸಣ್ಣದೊಂದು ಝರ್ ಉಳಿದೇ ಇತ್ತು. ಸ್ಪೀಕರ್ ಬಿಚ್ಚಿ ಒಳಗೆ ಟಾರ್ಚ್ ಹಾಕಿದಾಗ ಕಂಡದ್ದು ಕ್ರಾಸ್‌ಓವರ್ ಬೋರ್ಡು. ಕೆಳಸ್ವರವನ್ನು ದೊಡ್ಡ ಸ್ಪೀಕರಿಗೂ ಮೇಲುಸ್ವರವನ್ನು ಹಾರ್ನಿಗೂ ಹಂಚುವ ಸಣ್ಣ ಬೋರ್ಡು ಅದು. ಅದರ ಮೇಲಿನ ತಾಮ್ರದ ಕಾಯಿಲ್‌ನ ಅಂಟು ಒಣಗಿ ಬಿಟ್ಟಿತ್ತು. ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು. ಕೇಬಲ್ ಟೈ ಹಾಕಿ ಬಿಗಿದು, ಕೆಳಗೆ ಸಿಲಿಕೋನ್ ಹಚ್ಚಿ ರಾತ್ರಿ ಬಿಟ್ಟೆವು. ಮರುದಿನ ಮದ್ದಳೆಗಾರರನ್ನೇ ಕೂರಿಸಿ ಬಾರಿಸಿದೆವು. ಬಾಕ್ಸು ಬಾಯಿ ಮುಚ್ಚಿತ್ತು, ಮದ್ದಳೆ ಮಾತ್ರ ಮಾತಾಡಿತು. ಕೋನ್ ನಿರಪರಾಧಿ. ಆ ಕೋನ್ ಇವತ್ತಿಗೂ ದುಡಿಯುತ್ತಿದೆ.

ಗಾಳಿ ಸೋರುವ ಸದ್ದನ್ನೂ ಜನ ಗರಗರ ಎಂದೇ ಹೇಳುತ್ತಾರೆ. ಅದು ಬೇರೆ: ಫುಸ್ ಫುಸ್ ಎಂದೋ ಸಣ್ಣ ಸಿಳ್ಳೆಯಂತೆಯೋ ಇರುತ್ತದೆ. ಕೆಳಸ್ವರ ನಿಲ್ಲಿಸಿ ಪೆಟ್ಟಿಗೆಯ ಸಂದುಗಳ ಹತ್ತಿರ ಹೊತ್ತಿಸಿದ ಊದುಬತ್ತಿ ಹಿಡಿದರೆ, ಸೋರುವಲ್ಲಿ ಹೊಗೆ ಚೆದುರುತ್ತದೆ. ಕಿಡಿ ಮಾತ್ರ ಕೋನಿಗೆ ತಾಗದಂತೆ ನೋಡಿಕೊಳ್ಳಬೇಕು.

ಚೆಂಡೆಯ ವಿಷಯ ಪೂರ್ತಿ ಬೇರೆ. ‘ಚೆಂಡೆ ಹೊಡೆದಾಗ ಸ್ಪೀಕರ್ ಒಡೆದ ಹಾಗೆ’ ಎಂದು ದೂರು ಬಂದಲ್ಲೆಲ್ಲ ನಾನು ನೋಡುವುದು ಮಿಕ್ಸರಿನ ಕೆಂಪು ದೀಪವನ್ನು. ಚೆಂಡೆಯ ಪೆಟ್ಟು ಒಂದು ಕ್ಷಣಕ್ಕೆ ಮಾತಿಗಿಂತ ಎಷ್ಟೋ ಪಟ್ಟು ಮೇಲೆ ಹಾರುತ್ತದೆ. ಮೈಕಿನ ಗೇನ್ ಮಾತಿಗೆ ಹೊಂದಿಸಿಟ್ಟರೆ ಚೆಂಡೆ ಬಂದಾಗ ಮಿಕ್ಸರಿನಲ್ಲೇ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಒಳ್ಳೆಯ ಸ್ಪೀಕರ್ ಆ ಕತ್ತರಿಸಿದ ಅಲೆಯನ್ನು ಪ್ರಾಮಾಣಿಕವಾಗಿ ಹೊರಗೆ ಹಾಕುತ್ತದೆ, ಬೈಗುಳ ತಾನು ತಿನ್ನುತ್ತದೆ. ಪತ್ತೆ ಮಾಡುವುದು ಸುಲಭ. ಮಿಕ್ಸರಿಗೆ ಹೆಡ್‌ಫೋನ್ ಹಾಕಿ ಕೇಳಿ. ಅಲ್ಲೂ ಒಡೆದು ಕೇಳಿಸಿದರೆ ಸ್ಪೀಕರನ್ನು ಬಿಟ್ಟುಬಿಡಿ. ಹೆಡ್‌ಫೋನ್ ಇಲ್ಲದಿದ್ದರೆ ಮಾಸ್ಟರ್ ಸಾಕಷ್ಟು ಇಳಿಸಿ ನೋಡಿ. ಸಣ್ಣ ದನಿಯಲ್ಲೂ ಒಡಕು ಉಳಿದರೆ ಅದು ಮೈಕಿನ ಕಡೆಯದು. ಮೈಕನ್ನು ಚೆಂಡೆಯಿಂದ ದೂರ ಸರಿಸಿ, ಗೇನ್ ಇಳಿಸಿ. ನನ್ನ ಅಭಿಪ್ರಾಯ ಕೇಳಿದರೆ ಸಣ್ಣ ಹಾಲಿನಲ್ಲಿ ಚೆಂಡೆಗೆ ಮೈಕೇ ಬೇಡ. ಭಾಗವತರ ಮೈಕಿಗೆ ಬೀಳುವಷ್ಟೇ ಸಾಕು. ಇದಕ್ಕೆ ಚೆಂಡೆಯವರು ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಹಿಂದಿನ ಸಾಲಿನ ಅಜ್ಜಿಗೆ ಪದದ ಸಾಹಿತ್ಯ ಕೇಳಿಸಬೇಕು ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡದು.

ಹಾಗಾದರೆ ಕೋನು, ಕಾಯಿಲು ಕೆಡುವುದೇ ಇಲ್ಲವೇ? ಕೆಡುತ್ತವೆ. ಕೆಟ್ಟಾಗ ರಿಪೇರಿ ಅಂದರೆ ಏನೆಂದು ನಾನು ನೋಡಿ ತಿಳಿದದ್ದು ಕಲ್ಯಾಣದ ಗಲ್ಲಿಯೊಂದರ ಹಿರಿಯ ಕಾರೀಗರರ ಬಳಿ. ಎಲ್ಲರೂ ಅವರನ್ನು ‘ಚಾಚಾ’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಿಡಿಭಾಗಕ್ಕೆ ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಗೆ ಹೋಗುತ್ತೇವೆ, ಕೈಕೆಲಸಕ್ಕೆ ಅವರಲ್ಲಿಗೆ. ಬಾಕ್ಸಿನಿಂದ ಬಿಚ್ಚಿದ ಸ್ಪೀಕರನ್ನು ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಒಯ್ಯುವಾಗ ಕೋನ್ ಮೇಲ್ಮುಖವಾಗಿಟ್ಟು ರಟ್ಟು ಮುಚ್ಚಿ ಮಡಿಲಲ್ಲೇ ಹಿಡಿದುಕೊಳ್ಳುತ್ತೇನೆ. ಡಬ್ಬದ ನೆಲದ ಅದುರಿಗೆ, ಮೇಲೆ ಬೀಳುವ ಬುಟ್ಟಿಗಳಿಗೆ ಅದನ್ನು ಬಿಟ್ಟುಕೊಡಲಾಗದು.

ಕಾಯಿಲ್ ಹೇಗೆ ಕೆಡುತ್ತದೆಂದು ತಿಳಿಯಲು ಸ್ಪೀಕರಿನ ಒಳರಚನೆ ಗೊತ್ತಿರಬೇಕು. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಪ್ರಕಟಿಸಿದ ವಿನ್ಯಾಸವೇ ಇವತ್ತಿಗೂ ನಮ್ಮ ಬಾಕ್ಸುಗಳ ಒಳಗಿರುವುದು. ಮ್ಯಾಗ್ನೆಟ್ಟಿನ ಎರಡು ಕಬ್ಬಿಣದ ಅಂಚುಗಳ ನಡುವೆ ಉಂಗುರದಾಕಾರದ ಕಿರಿದಾದ ಸಂದು. ಅದರೊಳಗೆ ಯಾವ ಅಂಚಿಗೂ ತಾಗದೆ ತೇಲುವ ತಂತಿಯ ಕಾಯಿಲ್. ಕಾಯಿಲಿನ ಎರಡೂ ಕಡೆ ಉಳಿಯುವ ಜಾಗ ಒಂದು ಮಿಲಿಮೀಟರಿನ ಸಣ್ಣ ಪಾಲು ಮಾತ್ರ. ಜಾಗ ಕಡಿಮೆಯಾದಷ್ಟೂ ಕಾಂತಶಕ್ತಿ ಹೆಚ್ಚು, ದನಿ ಹೆಚ್ಚು. ಜಾಗ ಕಡಿಮೆಯಾದಷ್ಟೂ ಉಜ್ಜುವ ಭಯವೂ ಹೆಚ್ಚು.

ಉಜ್ಜುತ್ತಿದೆಯೇ ಎಂದು ತಿಳಿಯಲು ಕರೆಂಟ್ ಪೂರ್ತಿ ತೆಗೆದು, ಕೋನಿನ ಮಧ್ಯದ ಟೊಪ್ಪಿಯ ಸುತ್ತ ಎರಡೂ ಕೈಯ ಬೆರಳುಗಳನ್ನು ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ ಬಿಡಬೇಕು. ಕಿವಿ ಹತ್ತಿರ ಇರಲಿ. ಸರ್ ಸರ್ ಎಂದು ಮರಳು ಕಾಗದ ಎಳೆದಂತೆ ಕೇಳಿದರೆ ಕಾಯಿಲ್ ತಾಗುತ್ತಿದೆ. ‘ಒಂದು ಬೆರಳಲ್ಲಿ ಒತ್ತಿ ನೋಡಬೇಡಿ ಭಾಯ್’ ಎಂದು ಚಾಚಾ ಮೊದಲ ದಿನವೇ ಹೇಳಿದ್ದರು. ಒಂದೇ ಬದಿಯಿಂದ ಒತ್ತಿದರೆ ಆರೋಗ್ಯವಂತ ಕಾಯಿಲ್ ಕೂಡ ವಾಲಿ ಉಜ್ಜುತ್ತದೆ. ಮಲ್ಟಿಮೀಟರಿನಲ್ಲಿ 8 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ 6ರ ಆಸುಪಾಸು ತೋರಿಸಬೇಕು. ಅದು ಸರಿಯಿದ್ದ ಮಾತ್ರಕ್ಕೆ ಕಾಯಿಲ್ ಉಜ್ಜುತ್ತಿಲ್ಲವೆಂದು ಅರ್ಥವಲ್ಲ, ತಂತಿ ತುಂಡಾಗಿಲ್ಲ ಎಂದಷ್ಟೇ.

ಉಜ್ಜಲು ಕಾರಣ ಮೂರು ನಾಲ್ಕು. ಟೆಂಪೊದಿಂದ ಇಳಿಸುವಾಗ ಬಾಕ್ಸು ಕೈಜಾರಿ ಬಿದ್ದು ಮ್ಯಾಗ್ನೆಟ್ ಸ್ವಲ್ಪ ಸರಿದಿರಬಹುದು. ಅದಕ್ಕೆ ಮದ್ದಿಲ್ಲ ಎನ್ನಬಹುದು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಸ್ಪೀಕರಿನ ಸ್ಪೈಡರ್, ಎಂದರೆ ಕಾಯಿಲನ್ನು ಮಧ್ಯಕ್ಕೆ ಹಿಡಿದಿಡುವ ಅಂಟುಬಟ್ಟೆಯ ಮಡಿಕೆ, ಜೋತುಬಿದ್ದಿರಬಹುದು. ಹಾಗಾಗಿದ್ದರೆ ಸ್ಪೀಕರನ್ನು ಬಿಚ್ಚಿ ಮೇಲಿನ ಬದಿ ಕೆಳಗೆ ಬರುವಂತೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಕೆಲವು ಸಲ ವರ್ಷಗಟ್ಟಲೆ ಆಯುಷ್ಯ ಸಿಗುತ್ತದೆ. ಕಾಸಿಲ್ಲದ ಈ ಉಪಾಯ ನನಗೆ ಬಹಳ ಪ್ರಿಯ. ವಿಪರೀತ ಜೋರಿಗೆ ಕಾಯಿಲ್ ಕಾದು ಅದರ ಸುತ್ತು ಬಿಟ್ಟುಕೊಂಡಿರಬಹುದು. ಇಲ್ಲವಾದರೆ ಸಂದಿಯಲ್ಲಿ ಕಸ.

ಕಸ ಎಂದರೆ ಕಬ್ಬಿಣದ ಪುಡಿ. ನಮ್ಮ ಮಂಡಳಿಯ ಹಳೆಯ ಕೋಣೆ ಠಾಕುರ್ಲಿ ಕಡೆಗೆ ರೈಲು ಹಳಿಯ ಪಕ್ಕದಲ್ಲೇ ಇತ್ತು. ಹಳಿಗೂ ಗಾಲಿಗೂ ತಿಕ್ಕಿ ಏಳುವ ಧೂಳಿನಲ್ಲಿ ಕಬ್ಬಿಣವೇ ಹೆಚ್ಚು. ಕಿಟಕಿ ಕಟ್ಟೆಯ ಕಪ್ಪು ಧೂಳಿಗೆ ಅಯಸ್ಕಾಂತ ಹಿಡಿದರೆ ಎದ್ದು ಬರುತ್ತದೆ. ಮಧ್ಯದ ಟೊಪ್ಪಿಯ, ಎಂದರೆ ಡಸ್ಟ್ ಕ್ಯಾಪಿನ, ಅಂಟು ಬಿಟ್ಟ ಸ್ಪೀಕರನ್ನು ಅಂಥಲ್ಲಿಟ್ಟರೆ ಮ್ಯಾಗ್ನೆಟ್ ಆ ಪುಡಿಯನ್ನು ಕರೆದು ಸಂದಿಯಲ್ಲಿ ಕೂರಿಸಿಕೊಳ್ಳುತ್ತದೆ. ಈಗ ಬಾಕ್ಸುಗಳಿಗೆ ದಪ್ಪ ಬಟ್ಟೆಯ ಚೀಲ ಹೊಲಿಸಿದ್ದೇವೆ.

ನೀರು ಇನ್ನೂ ಕೆಟ್ಟದ್ದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಉಲ್ಹಾಸ ನದಿ ಉಕ್ಕಿ ಬದಲಾಪುರದಿಂದ ಕಲ್ಯಾಣದ ತನಕ ತಗ್ಗಿನ ಬಡಾವಣೆಗಳು ಮುಳುಗಿದ್ದವು. ನೀರಲ್ಲಿ ನಿಂತ ಬಾಕ್ಸುಗಳನ್ನು ಬಿಸಿಲಿಗಿಟ್ಟು ಒಣಗಿಸಿದವರು ಎಷ್ಟೋ ಮಂದಿ. ಒಣಗಿದ ಮೇಲೆ ದನಿಯೂ ಬಂತು. ತಿಂಗಳುಗಳು ಕಳೆದು ಖರಖರ ಶುರುವಾಯಿತು. ಕಬ್ಬಿಣದ ಅಂಚಿಗೆ ಹಿಡಿದ ತುಕ್ಕು ಚಕ್ಕೆ ಎದ್ದು ಕಾಯಿಲಿಗೆ ತಾಗುತ್ತಿತ್ತು. ಒದ್ದೆಯಾದ ಸ್ಪೀಕರ್ ಕೂಡಲೇ ಹಾಡಿತು ಎಂದು ಸಮಾಧಾನ ಪಡಬಾರದು. ಕಾಯಿಲ್ ಹಾಳಾಗುವ ಮೊದಲೇ ಬಿಚ್ಚಿ ತುಕ್ಕು ತೆಗೆಸಿಬಿಡಬೇಕು.

ಚಾಚಾ ಹೊಸ ಕೋನ್ ಕೂರಿಸುವುದನ್ನು ನೋಡುವುದೇ ಒಂದು ಪಾಠ. ಹಳೆಯ ಕೋನ್, ಸ್ಪೈಡರ್ ಎಲ್ಲ ಕತ್ತರಿಸಿ ತೆಗೆದು, ಚೌಕಟ್ಟಿನ ಹಳೆಯ ಅಂಟನ್ನು ಅಸಿಟೋನ್ ಹಚ್ಚಿ ಕೆರೆಯುತ್ತಾರೆ. ಸಂದಿಯೊಳಗೆ ಅಂಟುಪಟ್ಟಿಯನ್ನು ಮಡಚಿ ಇಳಿಸಿ ಸುತ್ತಲೂ ಎಳೆದರೆ ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ. ಊದಿದರೆ ಹೋಗುವುದಿಲ್ಲ, ಮ್ಯಾಗ್ನೆಟ್ ಬಿಡುವುದಿಲ್ಲ. ಪಟ್ಟಿ ಬಿಳಿಯಾಗಿಯೇ ಹೊರಬರುವ ತನಕ ಹಾಗೇ ಮಾಡುತ್ತಾರೆ. ಆಮೇಲೆ ಹೊಸ ಕಾಯಿಲನ್ನು ಸಂದಿಗೆ ಇಳಿಸಿ, ಅದಕ್ಕೂ ಒಳಗಿನ ಕಬ್ಬಿಣದ ಕಂಬಕ್ಕೂ ನಡುವೆ ಹಳೆಯ ಎಕ್ಸ್‌ರೇ ಫಿಲ್ಮಿನ ಸಣ್ಣ ಪಟ್ಟಿಗಳನ್ನು ಸುತ್ತಲೂ ಸಮನಾಗಿ ಸಿಕ್ಕಿಸುತ್ತಾರೆ. ಕಾಯಿಲ್ ನಟ್ಟನಡುವೆ ನಿಲ್ಲುವುದು ಹೀಗೆ. ನಂತರ ಸ್ಪೈಡರ್, ಕೋನ್, ಅಂಟು. ಒಂದು ರಾತ್ರಿ ಒಣಗಬೇಕು, ಮಳೆಗಾಲದಲ್ಲಿ ಎರಡು. ಫಿಲ್ಮ್ ಎಳೆದು ತೆಗೆದು, ಕೋನನ್ನು ಮೇಲೆ ಕೆಳಗೆ ಆಡಿಸಿ ಕಿವಿಗೊಟ್ಟು ಕೇಳಿ, ಸಮಾಧಾನವಾದ ಮೇಲೆ ಮಾತ್ರ ಮಧ್ಯಕ್ಕೆ ಟೊಪ್ಪಿ. ‘ಟೊಪ್ಪಿ ಮುಚ್ಚಿದ ಮೇಲೆ ಫಿಲ್ಮ್ ಹಾಕಲು ಜಾಗವೇ ಇಲ್ಲವಲ್ಲ’ ಎನ್ನುತ್ತಾರೆ.

ಅವರು ಒಂದು ವಿಷಯ ಮುಚ್ಚಿಡುವುದಿಲ್ಲ. ಪೇಟೆಯಲ್ಲಿ ಸಿಗುವ ಕೋನಿನ ತೂಕ, ಬಿಗಿ ಮೂಲದ್ದಕ್ಕೆ ಹೊಂದದಿದ್ದರೆ ದನಿ ಬದಲಾಗುತ್ತದೆ. ಜೋಡಿ ಬಾಕ್ಸಿನಲ್ಲಿ ಒಂದಕ್ಕೆ ಮಾತ್ರ ಹೊಸ ಕೋನ್ ಹಾಕಿಸಿದರೆ ಎಡಬಲ ಒಂದೇ ರೀತಿ ಕೇಳದು. ಮೂಲ ಕಂಪನಿಯ ಕಿಟ್ ಸಿಗುವುದಾದರೆ ಅದನ್ನೇ ತನ್ನಿ ಎನ್ನುತ್ತಾರೆ. ರಿಪೇರಿ ಮುಗಿದ ಮೇಲೆ ನಾನು ಒಂದೂವರೆ ವೋಲ್ಟಿನ ಸೆಲ್ ಅನ್ನು ಸ್ಪೀಕರಿಗೆ ಒಂದು ಕ್ಷಣ ತಾಗಿಸಿ ನೋಡುತ್ತೇನೆ. ಪ್ಲಸ್ಸಿಗೆ ಪ್ಲಸ್ ತಾಗಿಸಿದಾಗ ಎರಡೂ ಬಾಕ್ಸಿನ ಕೋನ್ ಒಂದೇ ದಿಕ್ಕಿಗೆ, ಹೊರಗೆ ಬರಬೇಕು. ತಂತಿ ತಿರುವುಮುರುವಾಗಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆದು ಮದ್ದಳೆಯ ಕೆಳನಾದವನ್ನೇ ತಿಂದುಹಾಕುತ್ತದೆ.

ನೆರೂಲ್‌ನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯ ಸಂಗತಿ ಇನ್ನೊಂದು ಬಗೆಯದು. ಅವರದು ಮನೆಯಲ್ಲಿ ಕೇಳುವ ಹಳೆಯ ಸ್ಟೀರಿಯೊ. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ಟುಗಳನ್ನು ಇಂದಿಗೂ ಜೋಪಾನ ಮಾಡಿದ್ದಾರೆ. ‘ನಾವಡರಿಗೆ ನೆಗಡಿಯಾದಂತೆ ಕೇಳ್ತದೆ ಮಾರಾಯ್ರೆ, ಕ್ಯಾಸೆಟ್ ಹೋಯ್ತಾ ಅಂತ ಭಯ’ ಎಂದಿದ್ದರು. ಅವರ ದನಿಯಲ್ಲಿ ನಿಜವಾದ ಭಯವಿತ್ತು. ಜಾಲರಿ ತೆಗೆದು ನೋಡಿದರೆ ಕೋನಿನ ಸುತ್ತಲಿನ ಫೋಮ್ ಅಂಚು ಮುಟ್ಟಿದಲ್ಲಿ ಪುಡಿಯಾಗಿ ಉದುರುತ್ತಿತ್ತು. ಆ ಫೋಮ್ ತೇವಕ್ಕೆ ತಾನಾಗಿಯೇ ಕರಗುವ ವಸ್ತು. ಬಳಸಿದರೂ ಬಳಸದಿದ್ದರೂ ಒಂದೆರಡು ದಶಕದಲ್ಲಿ ಅದರ ಕತೆ ಮುಗಿಯುತ್ತದೆ, ಕಡಲ ಹಿನ್ನೀರಿನ ಪಕ್ಕದ ನವಿಮುಂಬಯಿಯಲ್ಲಿ ಬೇಗವೇ. ಕೋನ್, ಕಾಯಿಲ್ ಎರಡೂ ಗಟ್ಟಿ. ಅಳತೆಗೆ ಸರಿಯಾದ ಅಂಚನ್ನು ತಂದು, ಹಳೆಯದನ್ನು ಕೆರೆದು, ಮೊದಲು ಕೋನಿಗೆ ಅಂಟಿಸಿ, ನಂತರ ಕೆಳಸ್ವರವೊಂದನ್ನು ಸಣ್ಣಗೆ ಹಾಕಿಟ್ಟು ಉಜ್ಜದ ಸ್ಥಾನ ಹುಡುಕಿ ಹೊರ ಅಂಚನ್ನು ಕೂರಿಸಿದೆ. ನಾವಡರ ಏರುದನಿ ಮೊದಲಿನಂತೆ ಬಂದಾಗ ಅವರು ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸಿಡಿ ಎಂದು ಹೇಳಿ ಬಂದೆ. ಸ್ಪೀಕರನ್ನು ಮತ್ತೆ ಕಟ್ಟಬಹುದು, ಟೇಪನ್ನು ಕಟ್ಟಲಾಗದು.

ಜೋರಿನ ಬಗ್ಗೆ ಒಂದು ಮಾತು, ಏಕೆಂದರೆ ನಾನು ಕಂಡ ಕಾಯಿಲ್‌ಗಳಲ್ಲಿ ಹೆಚ್ಚಿನವು ಜೋರಿಗೇ ಸತ್ತದ್ದು. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಥಾಣೆಯ ಡಾ. ಮಹೇಶ್ ಬೇಡೇಕರ್ ಅವರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2016ರ ಆಗಸ್ಟಿನಲ್ಲಿ ಕೊಟ್ಟ ತೀರ್ಪು ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿ ಮಾಡಲು ಹೇಳಿತು. ನಮ್ಮವರಲ್ಲಿ ಕೆಲವರಿಗೆ ಇದು ಕಲೆಗೆ ಬಂದ ಅಡ್ಡಿಯಂತೆ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಸೊಸೈಟಿಯ ನಡುವೆ ಆಟ ಆಡುವಾಗ ನಾಲ್ಕನೇ ಮಹಡಿಯ ರೋಗಿಯೂ ನಮ್ಮ ನೆರೆಯವನೇ.

ಅಲ್ಲದೆ ಲೆಕ್ಕವೂ ನಮ್ಮ ಪರವಾಗಿಲ್ಲ. ದನಿ ಎರಡು ಪಟ್ಟು ಜೋರಾಗಿ ಕೇಳಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ವೇದಿಕೆಯ ಎರಡು ಬಾಕ್ಸಿನಿಂದಲೇ ಹಿಂದಿನ ಸಾಲಿಗೆ ಮುಟ್ಟಿಸಲು ಹೊರಟರೆ ಮುಂದಿನವರಿಗೆ ಕಿವಿನೋವು, ಕಾಯಿಲಿಗೆ ಬೆಂಕಿ. ಅದರ ಬದಲು ಹಾಲಿನ ಮಧ್ಯದಲ್ಲಿ ಇನ್ನೊಂದು ಸಣ್ಣ ಜೋಡಿ ಇಟ್ಟು ಎಲ್ಲವನ್ನೂ ಮೆತ್ತಗೆ ನಡೆಸುತ್ತೇವೆ. ಮಧ್ಯದ ಜೋಡಿಗೆ ಮಿಕ್ಸರಿನಲ್ಲಿ ಪ್ರತಿ ಹತ್ತು ಮೀಟರಿಗೆ ಸುಮಾರು 29 ಮಿಲಿಸೆಕೆಂಡ್ ತಡ ಕೊಟ್ಟರೆ ಮಾತು ಇಮ್ಮಡಿಯಾಗಿ ಕೇಳುವುದಿಲ್ಲ. ಹೀಗೆ ಮಾಡಲು ಶುರುಮಾಡಿದ ಮೇಲೆ ನಮ್ಮ ಮಂಡಳಿಯ ಯಾವ ಕಾಯಿಲೂ ಸುಟ್ಟಿಲ್ಲ.

ಈಗ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ವಾಶಿಯ ಭಜನಾ ಮಂಡಳಿಯ ಒಂದು ಬಾಕ್ಸು. ತಣ್ಣಗಿರುವಾಗ ಯಾವ ಸ್ವರ ಹಾಕಿದರೂ ಸ್ವಚ್ಛ. ಬೆರಳಿನಿಂದ ಒತ್ತಿದರೂ ಸದ್ದಿಲ್ಲ, ಮೀಟರಿನಲ್ಲಿ ಓಮ್ ಸರಿ, ಬೋಲ್ಟುಗಳು ಬಿಗಿ. ಭಜನೆ ಗಂಟೆಗಟ್ಟಲೆ ನಡೆದು ಮಂಗಳಾರತಿಯ ಹೊತ್ತಿಗೆ ಖರಖರ ಶುರು. ಮರುದಿನ ಮತ್ತೆ ಸ್ವಚ್ಛ. ಕಾಯಿಲಿನ ಸುತ್ತು ಎಲ್ಲೋ ಅಂಟು ಬಿಟ್ಟಿದೆ, ಬಿಸಿಯಾದಾಗ ಉಬ್ಬಿ ತಾಗುತ್ತದೆ ಎಂಬುದು ನನ್ನ ಅನುಮಾನ. ಅವರ ಹುಡುಗರಿಗೆ ಹೇಳಿದ್ದೇನೆ: ಮುಂದಿನ ಶನಿವಾರ ಭಜನೆ ಮುಗಿದ ಕೂಡಲೇ, ಬಾಕ್ಸು ಆರುವ ಮೊದಲೇ, ಕರೆಂಟ್ ತೆಗೆದು ಜಾಲರಿ ಬಿಚ್ಚಿ ಕಾಯಿರಿ, ನಾನು ಅಲ್ಲೇ ಇರುತ್ತೇನೆ. ಬಿಸಿಯಲ್ಲೇ ಒತ್ತಿ ನೋಡಬೇಕು. ಆಗ ಸರ್ ಎಂದರೆ ಸ್ಪೀಕರ್ ಕಲ್ಯಾಣಕ್ಕೆ. ಎನ್ನದಿದ್ದರೆ ಆಂಪ್ಲಿಫೈಯರನ್ನು ಬದಲಿಸಿ ಇನ್ನೊಂದು ಶನಿವಾರ ಕೂರುವುದು.